ಬಂಡಿಯ ಊರು ಯಾವುದು?

ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಸಬನೊಬ್ಬ ಎದುರಾದರೆ ಮೊದಲು ಕೇಳುವುದು ಅವನ ಹೆಸರನ್ನಲ್ಲ, ಊರನ್ನು. ‘ಯಾವೂರಾಯ್ತು ಸ್ವಾಮಿ?’ ಎಂಬ ಆ ಪ್ರಶ್ನೆಯಲ್ಲಿ ಬರಿಯ ಕುತೂಹಲಕ್ಕಿಂತ ಹೆಚ್ಚಿನದೊಂದು ಲೌಕಿಕ ವಿವೇಕವಿದೆ. ಊರು ತಿಳಿದರೆ ಆ ಊರಿನಲ್ಲಿ ನಮ್ಮವರು ಯಾರಿದ್ದಾರೆಂಬುದು ತಿಳಿಯುತ್ತದೆ. ನಾಳೆ ಕೊಟ್ಟ ಸಾಲ ಬಾರದೆ ಹೋದರೆ, ಆಡಿದ ಮಾತು ತಪ್ಪಿದರೆ, ಯಾರ ಮನೆಯ ಬಾಗಿಲಿಗೆ ಹೋಗಿ ಕೇಳಬೇಕೆಂಬುದೂ ತಿಳಿಯುತ್ತದೆ. ಊರು ಹೇಳಲಾರದವನನ್ನು ಜನ ನಂಬುವುದಿಲ್ಲ. ಮೋಟಾರು ವಾಹನಗಳ ನೋಂದಣಿ ಎಂಬ ಒಣ ವಿಷಯದ ಬುಡದಲ್ಲಿರುವುದೂ ಇದೇ ಪ್ರಶ್ನೆಯೇ ಎಂದರೆ ವಾಚಕರು ನಗಬಾರದು. ಲಾರಿಯ ಮುಂದೆಯೂ ಹಿಂದೆಯೂ ಬರೆದಿರುವ ಆ ಅಕ್ಷರಗಳು, ಆ ಅಂಕೆಗಳು, ‘ಯಾವೂರಾಯ್ತು?’ ಎಂಬುದಕ್ಕೆ ಬಂಡಿ ಕೊಡುವ ಉತ್ತರ. ಆ ಉತ್ತರ ಈಚೆಗೆ ಸುಳ್ಳಾಗುತ್ತಿದೆ ಎಂಬುದು ನನ್ನ ದೂರು.

ತ್ಯಾಮಗೊಂಡ್ಲು ನೆಲಮಂಗಲ ತಾಲ್ಲೂಕಿನ ಹೋಬಳಿಯ ಊರು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿ ನಮ್ಮ ಊರನ್ನು ಮುಟ್ಟದೆ, ಆದರೆ ಬಹಳ ದೂರವೂ ಸರಿಯದೆ, ದಾಬಸ್‌ಪೇಟೆಯ ಮೇಲೆ ಹಾದುಹೋಗುತ್ತದೆ. ಕರ್ನಾಟಕದ ಅರ್ಧ ಭಾಗಕ್ಕೆ ನೆಲಮಂಗಲವೇ ಹೆಬ್ಬಾಗಿಲು. ಅಲ್ಲಿ ದಾರಿ ಕವಲೊಡೆದು, ಒಂದು ಹಾಸನದ ಮೇಲೆ ಮಂಗಳೂರಿಗೂ, ಇನ್ನೊಂದು ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳ ಮೇಲೆ ಪುಣೆ ಮುಂಬಯಿಗಳಿಗೂ ಹೋಗುತ್ತದೆ. ಪಾಠ ಹೇಳುವ ಕೆಲಸದಿಂದ ಬಿಡುಗಡೆಯಾದ ಮೇಲೆ ನನಗೊಂದು ಹವ್ಯಾಸ ಹತ್ತಿಕೊಂಡಿದೆ; ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ವಾಹನಗಳ ನಂಬರು ಓದುವುದು. ಹಗಲು ಹೊತ್ತಿನಲ್ಲಿ ಓದು ಸುಲಭ. ಕೆಎ 52 ಎಂದರೆ ನಮ್ಮ ನೆಲಮಂಗಲದ ಗಾಡಿ, ಕೆಎ 06 ತುಮಕೂರಿನದು, ಕೆಎ 43 ದೇವನಹಳ್ಳಿಯದು. ಕೆಎ 57ರ ಮುಂದೆ ಎಫ್ ಎಂಬ ಅಕ್ಷರ ಬಂತೋ, ಅದು ಸರ್ಕಾರಿ ಬಸ್ಸು, ಶಾಂತಿನಗರದ ಮಗು. ಮಹಾರಾಷ್ಟ್ರ, ತಮಿಳುನಾಡು, ರಾಜಸ್ಥಾನದ ಲಾರಿಗಳೂ ಬರುತ್ತವೆ. ಅವು ಆ ರಾಜ್ಯಗಳಿಂದಲೇ ಸರಕು ತಂದವು, ಅದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯವೆಲ್ಲ ರಾತ್ರಿ ಒಂಬತ್ತರ ಮೇಲೆ. ಬೆಂಗಳೂರಿನಿಂದ ಸಾಲುಗಟ್ಟಿ ಹೊರಡುವ ಖಾಸಗಿ ಸ್ಲೀಪರ್ ಬಸ್ಸುಗಳಲ್ಲಿ ಎನ್ಎಲ್ ಎಂಬ ಅಕ್ಷರದವು ಎಷ್ಟು! ಎಆರ್, ಪಿವೈ, ಡಿಡಿ ಎಂಬವು ಎಷ್ಟು! ಎನ್ಎಲ್ ಎಂದರೆ ನಾಗಾಲ್ಯಾಂಡು, ಎಆರ್ ಅರುಣಾಚಲ, ಪಿವೈ ಪುದುಚೇರಿ, ಡಿಡಿ ದಮನ್ ಮತ್ತು ದಿಯು. ಕೋಹಿಮಾ ನಗರ ಬೆಂಗಳೂರಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಬಸ್ಸಿನ ಮಾಲೀಕ ನಮ್ಮವನು, ಚಾಲಕ ಹಾವೇರಿಯ ಕಡೆಯವನೋ ಸಿರಾದ ಕಡೆಯವನೋ, ಒಳಗೆ ಮಲಗಿರುವ ಜನ ದಾವಣಗೆರೆಗೆ ಹೋಗಿ ಬೆಳಿಗ್ಗೆ ಕಚೇರಿ ಸೇರಬೇಕಾದವರು. ಬಸ್ಸು ಮಾತ್ರ ನಾಗಾಲ್ಯಾಂಡಿನದು! ಅದು ಹುಟ್ಟಿದ ಮೇಲೆ ನಾಗಾ ಬೆಟ್ಟಗಳನ್ನು ಒಮ್ಮೆಯಾದರೂ ಕಂಡಿತ್ತೇ ಎಂದು ಚಾಲಕನೊಬ್ಬನನ್ನು ಕೇಳಿದೆ. ಅವನು ನಕ್ಕು, ‘ನಾನೇ ಕಂಡಿಲ್ಲ ಯಜಮಾನ್ರೇ, ಇನ್ನು ಗಾಡಿ ಎಲ್ಲಿ ಕಾಣ್ಬೇಕು’ ಎಂದ.

ಇದಕ್ಕೆ ಕಾನೂನಿನಲ್ಲಿ ಅವಕಾಶವುಂಟೆ ಎಂದು ಕೇಳುವುದು ಸಹಜ. 1988ರ ಮೋಟಾರು ವಾಹನಗಳ ಕಾಯಿದೆಯನ್ನು ತೆರೆದು ನೋಡಿದರೆ ನಲವತ್ತನೆಯ ಕಲಮಿನಲ್ಲಿ ಮಾತು ಸ್ಪಷ್ಟವಾಗಿಯೇ ಇದೆ. ಮಾಲೀಕನ ಮನೆಯೋ ವ್ಯಾಪಾರದ ಸ್ಥಳವೋ ಎಲ್ಲಿದ್ದು, ವಾಹನವನ್ನು ಸಾಮಾನ್ಯವಾಗಿ ಎಲ್ಲಿ ಇಟ್ಟುಕೊಂಡಿರುತ್ತಾನೋ ಅಲ್ಲಿ ಅದರ ನೋಂದಣಿಯಾಗಬೇಕು. 2019ರ ತಿದ್ದುಪಡಿಯಿಂದ ಆ ರಾಜ್ಯದ ಯಾವ ಕಚೇರಿಯಾದರೂ ಸರಿ ಎಂದಾಯಿತು. ರಾಜ್ಯ ಮಾತ್ರ ಅದೇ ಆಗಬೇಕು. ಹೀಗೆ ಒಂದು ಕಡೆ ನೋಂದಣಿಯಾದ ವಾಹನಕ್ಕೆ ನಲವತ್ತಾರನೆಯ ಕಲಮು ಇಡೀ ದೇಶದಲ್ಲಿ ಮಾನ್ಯತೆ ಕೊಡುತ್ತದೆ. ಅದಾದ ಮೇಲೆ ನಲವತ್ತೇಳನೆಯದು: ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನಂಬರನ್ನು ಪಡೆಯಬೇಕು.

ಸಾಹಿತ್ಯವನ್ನು ಓದುವವರಿಗೆ ಒಂದೇ ಶಬ್ದ ಇಡೀ ಕೃತಿಯನ್ನು ಹೊರುವುದು ಹೊಸದಲ್ಲ. ಇಲ್ಲಿ ‘ಇಟ್ಟುಕೊಂಡಿರುವುದು’ ಎಂಬ ಒಂದು ಮಾತು ಇಡೀ ಶಾಸನವನ್ನು ಹೊತ್ತಿದೆ, ಹೊತ್ತು ಬಳಲಿದೆ. ಮನೆಯ ಮುಂದಿನ ಕಾರನ್ನು ಇಟ್ಟುಕೊಳ್ಳುವುದೆಂದರೇನು ಎಂಬುದು ಎಲ್ಲರಿಗೂ ಗೊತ್ತು. ಆದರೆ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೈದರಾಬಾದು ಸೇರಿ, ಮತ್ತೆ ರಾತ್ರಿ ಅಲ್ಲಿಂದ ಹೊರಡುವ ಬಸ್ಸನ್ನು ಇಟ್ಟುಕೊಂಡಿರುವುದು ಎಲ್ಲಿ? ಹಗಲು ನಿಂತಿರುವಲ್ಲೋ, ರಾತ್ರಿ ಓಡುವಲ್ಲೋ, ಟಿಕೆಟ್ ಮಾರುವಲ್ಲೋ, ರಿಪೇರಿ ಮಾಡಿಸುವಲ್ಲೋ? ಎಲ್ಲಿಯೂ ಹನ್ನೆರಡು ತಿಂಗಳು ಸತತವಾಗಿ ನಿಲ್ಲದ ಬಂಡಿ ಎಲ್ಲಿಯೂ ಇಲ್ಲದ ಬಂಡಿಯಾಗುತ್ತದೆ. ನಾಗಾಲ್ಯಾಂಡಿನಲ್ಲಿ ಯಾರೋ ಒಬ್ಬರ ವಿಳಾಸ ಸಿಕ್ಕಿದರೆ ಅದೇ ಅದರ ಊರು. ಕಾನೂನನ್ನು ಬರೆದವರ ಕಣ್ಣ ಮುಂದೆ ಮನೆಗೆ ಮರಳುವ ವಾಹನವಿತ್ತು; ಮನೆಯೇ ಇಲ್ಲದ ವಾಹನ ಇರಲಿಲ್ಲ.

ಹೀಗೆ ಮಾಡುವುದರಿಂದ ಮಾಲೀಕನಿಗೇನು ಲಾಭ? ತೆರಿಗೆ. ವಾಹನದ ಮೇಲಿನ ತೆರಿಗೆ ನಮ್ಮ ಸಂವಿಧಾನದಲ್ಲಿ ರಾಜ್ಯಗಳಿಗೆ ಸೇರಿದ್ದು. ಕರ್ನಾಟಕದಲ್ಲಿ 1957ರ ಮೋಟಾರು ವಾಹನಗಳ ತೆರಿಗೆ ಕಾಯಿದೆಯ ಪ್ರಕಾರ ಇಂಥ ಬಸ್ಸುಗಳು ಸೀಟಿನ ಲೆಕ್ಕದಲ್ಲಿ, ಮೂರು ತಿಂಗಳಿಗೊಮ್ಮೆ ಹಣ ಕಟ್ಟಬೇಕು. ಆ ಹಣ ದೊಡ್ಡದು. ದೂರದ ಸಣ್ಣ ರಾಜ್ಯಗಳಲ್ಲಿ ಅದು ತೀರ ಕಡಮೆ. ಮೇಲಾಗಿ ಮಲಗುವ ಬಸ್ಸಿಗೆ ಅನುಮತಿಯನ್ನೇ ಕೊಡದ ರಾಜ್ಯಗಳೂ ಇದ್ದುವು. ತಮಿಳುನಾಡು ಬಹುಕಾಲ ಹಾಗಿತ್ತು. ಅಲ್ಲಿನ ಮಾಲೀಕರು ಪುದುಚೇರಿಗೂ, ಹೇಳಿದರೆ ನಾಚಿಕೆಯಾಗಬೇಕು, ನಮ್ಮ ಕರ್ನಾಟಕಕ್ಕೂ ಬಂದು ನಂಬರು ಪಡೆದು ಹೋಗುತ್ತಿದ್ದರು. ಆಗ ನಾವು ಬಾಯಿ ತೆರೆಯಲಿಲ್ಲ. ಇಂದು ನಾಗಾಲ್ಯಾಂಡಿನ ಮೇಲೆ ಹರಿಹಾಯುವಾಗ ಇದನ್ನೂ ನೆನಪಿಡುವುದು ಒಳ್ಳೆಯದು.

ಇದಕ್ಕೆ ಹೆದ್ದಾರಿಯಂಥ ದಾರಿಯನ್ನು ತೆರೆದುಕೊಟ್ಟದ್ದು ಅಖಿಲ ಭಾರತ ಪ್ರವಾಸಿ ವಾಹನಗಳ ನಿಯಮಗಳು. 2021ರಲ್ಲಿ ಮೊದಲು ಬಂದು, 2023ರಲ್ಲಿ ಹೊಸ ರೂಪ ತಳೆದ ಈ ನಿಯಮಗಳ ಉದ್ದೇಶ ಒಳ್ಳೆಯದೇ. ಗಡಿಗಡಿಯಲ್ಲಿ ಬಸ್ಸನ್ನು ನಿಲ್ಲಿಸಿ ಹಣ ವಸೂಲು ಮಾಡುವ ಹಳೆಯ ಹಿಂಸೆ ತಪ್ಪಲಿ, ಒಂದೇ ಕಡೆ ಹಣ ಕಟ್ಟಿ ದೇಶವೆಲ್ಲ ಸುತ್ತಲಿ ಎಂದು. ದೊಡ್ಡ ಹವಾನಿಯಂತ್ರಿತ ಬಸ್ಸಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಗೊತ್ತುಮಾಡಿದರು. ಆ ಹಣವನ್ನು ಒಂದು ಸೂತ್ರದಂತೆ ರಾಜ್ಯಗಳಿಗೆ ಹಂಚುತ್ತಾರೆ. ಒಂದೊಂದು ಬಸ್ಸು ಯಾವ ರಾಜ್ಯದ ರಸ್ತೆಯನ್ನು ಎಷ್ಟು ತುಳಿಯಿತೆಂದು ಅಳೆದು ಹಂಚುವ ಏರ್ಪಾಟು ಅದಲ್ಲ. ತವರು ರಾಜ್ಯದ ತೆರಿಗೆ ಮಾತ್ರ ಬೇರೆಯಾಗಿಯೇ ಉಳಿಯಿತು. ಆದುದರಿಂದ ಲೆಕ್ಕ ಬಲ್ಲ ಮಾಲೀಕ ಮಾಡಿದ್ದಿಷ್ಟೆ: ಅಗ್ಗದ ತವರನ್ನು ಹುಡುಕಿಕೊಂಡ. ಹಡಗುಗಳ ಮಾಲೀಕರು ಪನಾಮಾ, ಲೈಬೀರಿಯಾಗಳ ಬಾವುಟವನ್ನು ಹಾರಿಸಿಕೊಂಡು ಲೋಕವೆಲ್ಲ ಸಂಚರಿಸುವುದನ್ನು ಭೂಗೋಳದ ಪಾಠದಲ್ಲಿ ಹೇಳುತ್ತಿದ್ದೆ. ಆ ಜಾಣತನ ತುಮಕೂರು ರಸ್ತೆಗೂ ಬಂದೀತೆಂದು ಆಗ ಹೊಳೆದಿರಲಿಲ್ಲ.

ಲಾರಿಗಳ ಕಥೆ ಇದಕ್ಕಿಂತ ಹಳೆಯದು. ಒಂದು ರೀತಿಯಲ್ಲಿ ಇದಕ್ಕಿಂತ ಮರ್ಯಾದೆಯದು. ರಾಷ್ಟ್ರೀಯ ರಹದಾರಿ ಎಂಬುದು ಬಂದದ್ದು 1975ರಲ್ಲಿ. ರಹದಾರಿ ಎಂಬ ಶಬ್ದ ಪಾರಸಿಯಿಂದ ಬಂದು ನಮ್ಮ ಮೈಸೂರು ಸೀಮೆಯ ಕಚೇರಿಗಳಲ್ಲಿ ಕನ್ನಡದ್ದೇ ಆಗಿಹೋಗಿದೆ; ‘ರಾಹ್’ ಎಂದರೆ ದಾರಿ. ಆ ರಹದಾರಿಯುಳ್ಳ ಲಾರಿಯ ಮೈ ಒಣಗಿದ ಎಲೆಯ ಕಂದು ಬಣ್ಣದ್ದಾಗಿರಬೇಕು, ಬಿಳಿಯ ಅಂಚಿರಬೇಕು ಎಂದು 1989ರ ಕೇಂದ್ರ ನಿಯಮಗಳು ವಿಧಿಸಿದುವು. ಸರ್ಕಾರದ ಬರವಣಿಗೆಯಲ್ಲಿ ಇಂಥ ಉಪಮೆ ಹುಟ್ಟಿದ್ದು ಅಪರೂಪ. ಮೊದಲು ತನ್ನ ರಾಜ್ಯವಲ್ಲದೆ ಬೇರೆ ರಾಜ್ಯಗಳನ್ನು ಆರಿಸಿಕೊಂಡು, ರಾಜ್ಯರಾಜ್ಯಕ್ಕೂ ಪ್ರತ್ಯೇಕ ಹಣ ಕಟ್ಟಬೇಕಾಗಿತ್ತು. 2010ರ ಮೇ ತಿಂಗಳಲ್ಲಿ ಅದನ್ನೆಲ್ಲ ಕೂಡಿಸಿ ವರ್ಷಕ್ಕೆ ಒಟ್ಟು 15,000 ರೂಪಾಯಿ ಎಂದು ಮಾಡಿದರು. ಮುಂದೆ ಅದು 16,500 ಆಯಿತು. ಹನ್ನೆರಡು ವರ್ಷ ತುಂಬಿದ ಲಾರಿಗೆ, ಹೆಚ್ಚು ಅಚ್ಚುಗಳುಳ್ಳದ್ದಾದರೆ ಹದಿನೈದು ತುಂಬಿದ್ದಕ್ಕೆ, ಈ ರಹದಾರಿ ಇಲ್ಲ. ಹಾಗೆ ವಾನಪ್ರಸ್ಥಕ್ಕೆ ಬಂದ ಲಾರಿಗಳು ನಮ್ಮ ಹೋಬಳಿಯಲ್ಲಿ ಇಟ್ಟಿಗೆ, ಎಂ ಸ್ಯಾಂಡ್, ಹುಲ್ಲು ಹೊತ್ತುಕೊಂಡು ಕಾಲ ಕಳೆಯುತ್ತವೆ.

ರಾಜ್ಯದ ಗಡಿ ದಾಟುವ ಬಂಡಿಯನ್ನು ಹೇಗೆ ಲೆಕ್ಕಕ್ಕೆ ಹಿಡಿಯಬೇಕೆಂಬುದು ಮೋಟಾರಿನೊಡನೆ ಹುಟ್ಟಿದ ಚಿಂತೆಯಲ್ಲ. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಎಷ್ಟೋ ಕಡೆ ಬರುತ್ತವೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ಚಾಳುಕ್ಯರ ನಾಡಿನಲ್ಲಿಯೂ ಚೋಳರ ನಾಡಿನಲ್ಲಿಯೂ ಅದೇ ಹೆಸರಿನಿಂದ ವ್ಯಾಪಾರ ಮಾಡಿದರು. ಐಹೊಳೆ ಅವರ ಊರು ಎಂದು ಎಲ್ಲರೂ ಬಲ್ಲರು. ಅವರು ಸುಂಕ ಕೊಟ್ಟರು, ಆದರೆ ಊರನ್ನು ಬದಲಾಯಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೇ ಇದ್ದಾನೆ. ಕಾಯಕವೇ ಹೆಸರಾಗಿ ಉಳಿಯಿತು. ಜನದ ಬಾಯಲ್ಲಿ ಮಾತ್ರ ಸುಂಕದವನಿಗೆ ಅಷ್ಟು ಗೌರವ ದೊರೆಯಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಇಂದಿಗೂ ನಮ್ಮ ಲಾರಿ ಚಾಲಕರು ಚೆಕ್‌ಪೋಸ್ಟಿನ ಹತ್ತಿರ ನೆನೆಯುತ್ತಾರೆ.

ಕನ್ನಡಿಗರಾದ ನಮಗೆ ಈ ಗಡಿಗಳ ಅನುಭವ ಇತರರಿಗಿಂತ ಹೆಚ್ಚು. 1956ರ ನವೆಂಬರ್ 1ಕ್ಕೆ ಮೊದಲು ದಾವಣಗೆರೆಯಿಂದ ರಾಣೆಬೆನ್ನೂರಿಗೆ ಮೂಟೆ ಸಾಗಿಸುವ ಲಾರಿ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿತೆಂದರೆ ಮೈಸೂರನ್ನು ಬಿಟ್ಟು ಮುಂಬಯಿ ಸರ್ಕಾರದ ಸೀಮೆಗೆ ಕಾಲಿಟ್ಟಂತೆ. ಘಟ್ಟವಿಳಿದು ಮಂಗಳೂರಿಗೆ ಹೋದರೆ ಅದು ಮದರಾಸು. ರಾಯಚೂರು ಹೈದರಾಬಾದಿಗೆ ಸೇರಿತ್ತು. ಅಷ್ಟೇಕೆ, ಬೆಂಗಳೂರಿನಲ್ಲಿಯೇ ಪೇಟೆ ಮಹಾರಾಜರದು, ದಂಡು ಬ್ರಿಟಿಷರದು; 1947ರ ಜುಲೈ ತನಕ ಊರೊಳಗೇ ಎರಡು ಆಡಳಿತ. ಏಕೀಕರಣದ ಬಗ್ಗೆ ಭಾಷಣ ಮಾಡುವವರು ಭಾಷೆ ಸಂಸ್ಕೃತಿಗಳನ್ನು ಹೊಗಳುತ್ತಾರೆ, ಅದು ಸರಿಯೆ. ಆದರೆ ಲಾರಿಯವನಿಗೂ ಬಸ್ಸಿನವನಿಗೂ ಏಕೀಕರಣವೆಂದರೆ ನಾಲ್ಕಾರು ಸರ್ಕಾರಗಳ ಪುಸ್ತಕಗಳು ಹೋಗಿ ಒಂದು ಪುಸ್ತಕವಾದದ್ದು. ಹಳೆಯ ಲಾರಿಗಳ ಮೇಲಿನ ‘ಎಂವೈ’ ಎಂಬ ಅಕ್ಷರಗಳನ್ನು ನೋಡಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದೆ. 1989ರಿಂದ ಅದು ‘ಕೆಎ’ ಆಯಿತು. ಬೀದರಿನ ಬಸ್ಸಿನ ಮೇಲೂ ಕಾರವಾರದ ಬಸ್ಸಿನ ಮೇಲೂ ಒಂದೇ ಅಕ್ಷರ ನೋಡಿ ಹಿಗ್ಗಿದವರ ಮಕ್ಕಳು ಇಂದು ಅದೇ ಬೀದರಿಗೆ ನಾಗಾಲ್ಯಾಂಡಿನ ಅಕ್ಷರದಡಿಯಲ್ಲಿ ಮಲಗಿಕೊಂಡು ಹೋಗುತ್ತಾರೆ.

ತಮಾಷೆಯ ಮಾತು ಇಷ್ಟು ಸಾಕು. ಇದರಲ್ಲಿ ನಷ್ಟಪಡುವವನು ಯಾರು ಎಂಬುದನ್ನು ನೋಡಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಲಾರಿಗಳ ಒಡೆಯ. ಸಾಲ ಮಾಡಿ ಎರಡನೆಯದನ್ನು ನೆರೆರಾಜ್ಯದ ಊರೊಂದರಿಂದ ಹಳೆಯ ಗಾಡಿಯಾಗಿ ಕೊಂಡು ತಂದ. ಅದನ್ನು ಇಲ್ಲಿಗೆ ಬರೆಯಿಸಿಕೊಳ್ಳಬೇಕಾದರೆ ಅಲ್ಲಿನ ಕಚೇರಿಯಿಂದ ಎನ್.ಓ.ಸಿ. ಬರಬೇಕು. ಕಚೇರಿಯ ಹೆಸರು ಬೇಡ. ಆ ಒಂದು ಕಾಗದಕ್ಕಾಗಿ ಅವನು ಏಳು ಸಲ ಹೋಗಿ ಬಂದ. ಅಲ್ಲಿ ಕಟ್ಟಿದ್ದ ತೆರಿಗೆ ಅಲ್ಲೇ ಉಳಿಯಿತು, ಇಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಗಾಡಿ ಓಡದೆ ನಿಂತ ದಿನಗಳ ಕಂತು ಬ್ಯಾಂಕಿಗೆ ಹೋಯಿತು. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು ಅವನು ಹೇಳಿದ ಮಾತು ಇದು: ‘ಮೇಷ್ಟ್ರೇ, ನನಗೆ ಎರಡು ಗಾಡಿ. ಕೆಎ 52ಗೆ ತೆರಿಗೆ ಕಟ್ತೀನಿ, ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ ಎಫ್.ಸಿ. ಮಾಡಿಸ್ತೀನಿ, ಒಂದು ಲೈಟು ಉರೀಲಿಲ್ಲ ಅಂದ್ರೆ ವಾಪಸ್ಸು ಕಳಿಸ್ತಾರೆ. ಅವರಿಗೆ ಇನ್ನೂರು ಗಾಡಿ. ಅವರ ಊರು ಯಾವುದೋ ಅವರಿಗೇ ಗೊತ್ತಿಲ್ಲ. ಹಂಗಾದ್ರೆ ಊರಲ್ಲಿರೋದೇ ತಪ್ಪಾ?’

ಈ ಪ್ರಶ್ನೆಗೆ ನಾನು ಆಗ ಕೊಟ್ಟ ಸಮಾಧಾನ ಏನಾದರಿರಲಿ, ಅದರ ನ್ಯಾಯವನ್ನು ತಳ್ಳಿಹಾಕುವಂತಿಲ್ಲ. ನೂರಾರು ವಾಹನವುಳ್ಳವನು ರಾಜ್ಯಗಳನ್ನು ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ಆರಿಸುತ್ತಾನೆ. ಒಂದೆರಡು ವಾಹನವುಳ್ಳವನಿಗೆ ಕೋಹಿಮಾದಲ್ಲಿ ಏಜೆಂಟನಿಲ್ಲ. ಖಜಾನೆಗೆ ಬಾರದ ಹಣವನ್ನು ತುಂಬಿಕೊಡುವವನು ಕೊನೆಗೆ ಊರಿನಲ್ಲಿ ಉಳಿದ ಈ ಸಣ್ಣ ಮನುಷ್ಯನೇ.

ಹಣಕ್ಕಿಂತ ದೊಡ್ಡದು ಜೀವ. 2025ರ ಅಕ್ಟೋಬರ್ 24ರ ಬೆಳಗಿನ ಜಾವ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸೊಂದು ಕರ್ನೂಲಿನ ಹತ್ತಿರ ಚಿನ್ನಟೇಕೂರಿನಲ್ಲಿ ಮೋಟಾರು ಸೈಕಲ್ಲಿಗೆ ತಗುಲಿ ಹೊತ್ತಿಕೊಂಡಿತು. ಸೈಕಲ್ ಸವಾರನೂ ಸೇರಿ 20 ಮಂದಿ ಸತ್ತರು. ಆ ಬಸ್ಸು ಮೊದಲು ದಮನ್ ಮತ್ತು ದಿಯುವಿನಲ್ಲಿ ನೋಂದಣಿಯಾಗಿ, ಆಮೇಲೆ ಒಡಿಶಾದ ರಾಯಗಡದ ದಾಖಲೆಗೆ ಸೇರಿತ್ತು. ಬೆಂಕಿಗೆ ನಂಬರು ಕಾರಣವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಅನ್ಯಾಯ. 2013ರ ಅಕ್ಟೋಬರಿನಲ್ಲಿ ಪಾಲೆಂ ಬಳಿ ಬೆಂಗಳೂರು-ಹೈದರಾಬಾದ್ ಬಸ್ಸು ಸುಟ್ಟು 45 ಜನ ಸತ್ತಾಗ ಈ ಅಖಿಲ ಭಾರತ ನಿಯಮಗಳು ಇನ್ನೂ ಹುಟ್ಟಿರಲಿಲ್ಲ. ನಾನು ಕೇಳುವುದು ಬೇರೆ. ದಿನವೂ ಬೆಂಗಳೂರಿಗೂ ಹೈದರಾಬಾದಿಗೂ ಓಡಾಡುವ ಬಸ್ಸಿನ ಒಳಗೆ ಮಲಗುವ ಪೆಟ್ಟಿಗೆಗಳನ್ನು ಹೇಗೆ ಕೂಡಿಸಿದ್ದಾರೆ, ತುರ್ತಿನ ಬಾಗಿಲು ತೆರೆಯುತ್ತದೆಯೇ, ಕಿಟಕಿ ಒಡೆಯುವ ಸುತ್ತಿಗೆ ಇದೆಯೇ ಎಂದು ನೋಡಬೇಕಾದ ಕಣ್ಣು ಯಾರದು? ಬಸ್ಸು ಓಡಾಡುವ ಊರಿನ ಅಧಿಕಾರಿಗೆ ಅದು ಅನ್ಯರಾಜ್ಯದ ಗಾಡಿ; ನಂಬರು ಕೊಟ್ಟ ಊರಿನ ಅಧಿಕಾರಿಗೆ ಅದು ಕಣ್ಣಿಗೆ ಬೀಳದ ಗಾಡಿ. ದಾರಿಯಲ್ಲಿ ನಿಲ್ಲಿಸಿ ದಂಡ ಹಾಕಬಹುದು, ಹಾಕುತ್ತಾರೆ ಕೂಡ. ಆದರೆ ನಡುರಾತ್ರಿ ನಲವತ್ತು ಜನ ನಿದ್ರೆ ಮಾಡುತ್ತಿರುವಾಗ ಟಾರ್ಚು ಹಿಡಿದು ನೋಡುವ ನೋಟಕ್ಕೂ, ತನ್ನ ಪುಸ್ತಕದಲ್ಲಿ ಹೆಸರಿರುವ ಗಾಡಿಯನ್ನು ಹಗಲಿನಲ್ಲಿ ಕರೆಸಿ ನೋಡುವ ನೋಟಕ್ಕೂ ವ್ಯತ್ಯಾಸವಿದೆ.

ರಾಜ್ಯಗಳು ಸುಮ್ಮನಿಲ್ಲ. ತಮಿಳುನಾಡು 2024ರ ಜೂನಿನಲ್ಲಿ ಹೊರರಾಜ್ಯದ ನಂಬರಿನ ನೂರಾರು ಬಸ್ಸುಗಳು ತನ್ನೊಳಗೆ ಓಡಬಾರದೆಂದಿತು. ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2025ರ ನವೆಂಬರಿನಲ್ಲಿ ನೆರೆರಾಜ್ಯಗಳು ಹಾಕಿದ ತೆರಿಗೆಯನ್ನೂ ದಂಡವನ್ನೂ ಪ್ರತಿಭಟಿಸಿ ತಮಿಳುನಾಡಿನ ಖಾಸಗಿ ಬಸ್ಸುಗಳವರು ಕೇರಳದ ಕಡೆಗೂ ನಮ್ಮ ಕಡೆಗೂ ಸಂಚಾರವನ್ನೇ ನಿಲ್ಲಿಸಿದ್ದರು. ಕರ್ನಾಟಕವೂ 2014ರಲ್ಲಿ, ಹೊರಗಿನ ಕಾರುಗಳು ಮೂವತ್ತು ದಿನ ಇಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದು ತನ್ನ ಕಾಯಿದೆಯನ್ನು ತಿದ್ದಿ, 2016ರಲ್ಲಿ ಉಚ್ಚ ನ್ಯಾಯಾಲಯದಿಂದ ಅದು ಅಸಿಂಧುವೆನಿಸಿಕೊಂಡಿತು. ಗಡಿಯನ್ನು ಬಿಗಿಮಾಡಿದಷ್ಟೂ ಪ್ರಯಾಣಿಕ ನರಳುತ್ತಾನೆ, ಸಡಿಲ ಬಿಟ್ಟಷ್ಟೂ ಬಂಡಿಗಳು ಊರು ಬಿಡುತ್ತವೆ. ಈ ಹಗ್ಗಜಗ್ಗಾಟದಿಂದ ಹೊರಬರುವ ದಾರಿಯೇ ಇಲ್ಲವೆ?

ಇದೆ, ಮತ್ತು ಐವತ್ತು ವರ್ಷಗಳಿಂದ ಒಂದು ಕಡೆ ನಡೆಯುತ್ತಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ವಾಹನದ ನೋಂದಣಿ, ಅದರ ಶುಲ್ಕ ರಾಜ್ಯಗಳ ಕೈಯಲ್ಲಿಯೇ ಇವೆ. ಅಲ್ಲಿಯೂ ಒಂದು ಕಾಲದಲ್ಲಿ ಲಾರಿಯೊಂದು ಐದಾರು ರಾಜ್ಯಗಳ ತಗಡುಗಳನ್ನು ಮೈಗೆ ಅಂಟಿಸಿಕೊಂಡು ಓಡಬೇಕಾಗಿತ್ತು. 1973ರಲ್ಲಿ ಆರಂಭವಾದ ‘ಅಂತರರಾಷ್ಟ್ರೀಯ ನೋಂದಣಿ ಯೋಜನೆ’ ಎಂಬ ಒಪ್ಪಂದ ಅದನ್ನು ಸರಿಪಡಿಸಿತು. ಇಂದು ಆ ದೇಶದ 48 ರಾಜ್ಯಗಳೂ, ರಾಜಧಾನಿಯೂ, ಕೆನಡಾದ 10 ಪ್ರಾಂತಗಳೂ ಅದರಲ್ಲಿವೆ. ಅದರ ತತ್ತ್ವ ಸರಳ. ನಂಬರು ಒಂದೇ, ಅದು ತವರು ರಾಜ್ಯದ್ದು; ತವರೆಂದರೆ ಮಾಲೀಕನ ನಿಜವಾದ ವ್ಯವಹಾರದ ಸ್ಥಳವಿದ್ದು, ವಾಹನಗಳು ಓಡುವ, ಲೆಕ್ಕದ ಪುಸ್ತಕಗಳನ್ನು ತೆರೆದು ತೋರಿಸಬಹುದಾದ ರಾಜ್ಯ. ಹಣ ಮಾತ್ರ ಓಡಿದ ದೂರಕ್ಕೆ ತಕ್ಕಂತೆ ಎಲ್ಲ ರಾಜ್ಯಗಳಿಗೂ ಹಂಚಿಕೆ.

ನಮ್ಮ ಲೆಕ್ಕದಲ್ಲಿಯೇ ಹೇಳುವುದಾದರೆ, ಒಬ್ಬನ ಲಾರಿಗಳೆಲ್ಲ ಸೇರಿ ವರ್ಷಕ್ಕೆ 1 ಲಕ್ಷ ಕಿಲೋಮೀಟರು ಓಡಿದುವೆನ್ನೋಣ. ಅದರಲ್ಲಿ 60 ಸಾವಿರ ಕರ್ನಾಟಕದಲ್ಲಿ, 25 ಸಾವಿರ ತಮಿಳುನಾಡಿನಲ್ಲಿ, 15 ಸಾವಿರ ಮಹಾರಾಷ್ಟ್ರದಲ್ಲಿ. ಆಗ ಕರ್ನಾಟಕದ ದರದಲ್ಲಿ ನೂರಕ್ಕೆ 60 ಪಾಲು, ತಮಿಳುನಾಡಿನ ದರದಲ್ಲಿ 25 ಪಾಲು, ಮಹಾರಾಷ್ಟ್ರದ ದರದಲ್ಲಿ 15 ಪಾಲು ಅವನು ಕಟ್ಟಬೇಕು. ಕಟ್ಟುವುದು ತನ್ನ ಊರಿನ ಕಚೇರಿಯಲ್ಲಿ, ಒಂದೇ ಸಲ. ಹಂಚಿಕೊಳ್ಳುವುದು ರಾಜ್ಯಗಳ ಕೆಲಸ. ಈಗ ಅವನು ನಾಗಾಲ್ಯಾಂಡಿಗೆ ಹೋಗಿ ನಂಬರು ತಂದನೆನ್ನಿ, ಏನಾಯಿತು? ನಾಗಾಲ್ಯಾಂಡಿನ ರಸ್ತೆಯಲ್ಲಿ ಓಡಿದ್ದು ಸೊನ್ನೆ. ಅಲ್ಲಿನ ಅಗ್ಗದ ದರದಿಂದ ಅವನಿಗೆ ದೊರೆಯುವ ಲಾಭವೂ ಸೊನ್ನೆ. ಊರು ಬಿಡುವ ಆಸೆಯೇ ಬತ್ತಿಹೋಗುತ್ತದೆ.

ಅಮೆರಿಕದವರು ದೇವತೆಗಳಲ್ಲ. ಈ ಹಂಚಿಕೆಯ ಕಟ್ಟಿಗೆ ಒಳಪಡದ ವಸ್ತು ಒಂದಿದೆ: ಲಾರಿಯ ಹಿಂದೆ ಜೋಡಿಸುವ ಟ್ರೈಲರು. ಆ ದೇಶದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ಸಣ್ಣ ರಾಜ್ಯವುಂಟು. ಆ ರಾಜ್ಯವನ್ನು ಎಂದೂ ಕಾಣದ ಲೆಕ್ಕವಿಲ್ಲದಷ್ಟು ಟ್ರೈಲರುಗಳು ಅದರ ನಂಬರನ್ನು ಹೊತ್ತು ದೇಶವೆಲ್ಲ ತಿರುಗುತ್ತವೆ. ಕಟ್ಟು ಎಲ್ಲಿ ನಿಂತಿತೋ ಅಲ್ಲಿಂದಲೇ ನಾಗಾಲ್ಯಾಂಡು ಆರಂಭವಾಯಿತು! ಆ ಒಪ್ಪಂದ ತಾನಾಗಿ ಎಲ್ಲ ಕಡೆಯೂ ಹಬ್ಬಲಿಲ್ಲವೆಂಬುದನ್ನೂ ಹೇಳಬೇಕು. 1991ರಲ್ಲಿ ಅಲ್ಲಿನ ಕೇಂದ್ರ ಶಾಸನವೊಂದು, 1996ರೊಳಗೆ ಸೇರದ ರಾಜ್ಯಗಳು ಲಾರಿಗಳ ನೋಂದಣಿಯ ತಮ್ಮ ಬೇರೆ ಕ್ರಮವನ್ನು ಮುಂದುವರಿಸುವಂತಿಲ್ಲ ಎಂದು ಕಟ್ಟುಮಾಡಿದ ಮೇಲೆಯೇ ಹಿಂಜರಿದವರು ಸೇರಿದ್ದು.

ನಮ್ಮಲ್ಲಿ ಇದು ಸಾಧ್ಯವೆ ಎಂದರೆ ತಲೆ ಅಲ್ಲಾಡಿಸುವವರು ಎರಡು ಆಕ್ಷೇಪ ಎತ್ತುತ್ತಾರೆ. ತೆರಿಗೆ ರಾಜ್ಯಗಳದು, ಕೇಂದ್ರ ಕೈ ಹಾಕಬಾರದು ಎಂಬುದು ಒಂದು. ಸಂವಿಧಾನದ ರಾಜ್ಯಪಟ್ಟಿಯ 57ನೆಯ ನಮೂದು ವಾಹನ ತೆರಿಗೆಯನ್ನು ರಾಜ್ಯಕ್ಕೆ ಕೊಟ್ಟಿದೆ, ನಿಜ. ಆದರೆ ಸಮವರ್ತಿ ಪಟ್ಟಿಯ 35ನೆಯ ನಮೂದು, ಆ ತೆರಿಗೆಯನ್ನು ಯಾವ ತತ್ತ್ವಗಳ ಮೇಲೆ ಹಾಕಬೇಕೆಂಬುದನ್ನು ಸಂಸತ್ತೂ ಹೇಳಬಹುದೆಂದು ಅವಕಾಶವಿರಿಸಿದೆ. ಅದನ್ನು ಬರೆದವರು ದೂರದೃಷ್ಟಿಯುಳ್ಳವರು. ಅಜ್ಮೀರ್ ಬೇರೆ ರಾಜ್ಯವಾಗಿದ್ದ ಕಾಲದಲ್ಲಿ, ನಸೀರಾಬಾದಿನಿಂದ ದೇವ್ಲಿಗೆ ಹೋಗುವ ಬಸ್ಸು ನಡುವೆ ರಾಜಸ್ಥಾನದ ಸಣ್ಣ ತುಂಡುಗಳನ್ನು ಹಾದುಹೋಗುತ್ತಿತ್ತು. ರಾಜಸ್ಥಾನ ಅದಕ್ಕೆ ತೆರಿಗೆ ಕೇಳಿತು. ಆ ವ್ಯಾಜ್ಯ 1962ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದಾಗ, ರಸ್ತೆಯನ್ನು ಬಳಸಿದ್ದಕ್ಕೆ ಪ್ರತಿಯಾಗಿ ಪಡೆಯುವ ತೆರಿಗೆ ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೆಂದರು. 2016ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಪರಿಹಾರರೂಪದ ತೆರಿಗೆಯೆಂಬ ಸಿದ್ಧಾಂತವನ್ನು ಕೈಬಿಟ್ಟಿತು, ಸರಿ. ಆದರೂ ಬಳಸಿದಷ್ಟಕ್ಕೆ ಕೊಡುವುದೆಂಬ ಆ ಸಾಮಾನ್ಯ ನ್ಯಾಯವನ್ನು ಶಾಸನ ಮಾಡಿಯೇ ತರಲು ಏನೂ ಅಡ್ಡಿಯಿಲ್ಲ.

ಎರಡನೆಯ ಆಕ್ಷೇಪ, ದೂರವನ್ನು ಅಳೆಯುವವರು ಯಾರು ಎಂಬುದು. ಇಪ್ಪತ್ತು ವರ್ಷದ ಹಿಂದೆ ಇದಕ್ಕೆ ಬೆಲೆಯಿತ್ತು. ಇಂದು ಲಾರಿಯ ಗಾಜಿನ ಮೇಲೆ ಫಾಸ್ಟ್‌ಟ್ಯಾಗ್ ಅಂಟಿದೆ. 2021ರ ಫೆಬ್ರವರಿಯಿಂದ ಅದು ಕಡ್ಡಾಯ. ಸರಕಿನ ಜೊತೆಗೆ ಇ-ವೇ ಬಿಲ್ಲು ಹೋಗುತ್ತದೆ. ಪ್ರಯಾಣಿಕರ ವಾಹನಗಳಲ್ಲಿ ಅವು ಇರುವ ಜಾಗವನ್ನು ತಿಳಿಸುವ ಯಂತ್ರವಿರಬೇಕೆಂಬ ನಿಯಮ 2019ರಿಂದ ಇದೆ. ನೆಲಮಂಗಲದ ಟೋಲ್ ದಾಟಿದ ಬಸ್ಸು ಯಾವ ನಿಮಿಷದಲ್ಲಿ ದಾಟಿತೆಂದು ದೆಹಲಿಯಲ್ಲಿ ಕುಳಿತವನಿಗೆ ಗೊತ್ತು. ಅಮೆರಿಕದವರು ಚಾಲಕ ಪೆನ್ಸಿಲಿನಲ್ಲಿ ಬರೆದಿಟ್ಟ ಕಾಗದಗಳನ್ನು ನಂಬಿ ಈ ಕೆಲಸ ಆರಂಭಿಸಿದರು. ನಮಗೆ ಯಂತ್ರಗಳಿದ್ದೂ ಧೈರ್ಯ ಬಾರದು. ಸರ್ಕಾರಿ ನೌಕರನ ಕಾರಿಗೆ ವರ್ಗವಾದಲ್ಲೆಲ್ಲ ಸಲ್ಲುವ ‘ಬಿಎಚ್’ ಎಂಬ ಸಾಲನ್ನು 2021ರ ಸೆಪ್ಟೆಂಬರಿನಲ್ಲಿ ಆರಂಭಿಸಲು ಅಡ್ಡಿಯಾಗಲಿಲ್ಲ. ದುಡಿಯುವ ಲಾರಿಯ ಮಾತು ಬಂದಾಗ ಮಾತ್ರ ಕಷ್ಟಗಳು ಕಾಣುತ್ತವೆ.

ಒಂದು ತೊಡಕು ನಿಜವಾಗಿಯೂ ಉಳಿಯುತ್ತದೆ. ದೂರದ ಲೆಕ್ಕ ಬಂದರೆ ನಾಗಾಲ್ಯಾಂಡು, ಅರುಣಾಚಲಗಳಿಗೆ ಈಗ ಬರುತ್ತಿರುವ ನೋಂದಣಿಯ ಹಣ ನಿಂತುಹೋಗುತ್ತದೆ. ಬೆಟ್ಟದ ಸಣ್ಣ ರಾಜ್ಯಗಳಿಗೆ ಅದು ಸಣ್ಣ ಮೊತ್ತವಲ್ಲ. ತಮ್ಮ ದರವನ್ನು ತಾವು ಇಳಿಸಿಕೊಂಡದ್ದು ಅಪರಾಧವೂ ಅಲ್ಲ. ಅವರ ಮೇಲೆ ಕೋಪ ಮಾಡುವುದರಲ್ಲಿ ಅರ್ಥವಿಲ್ಲ. ಅವರಿಗೆ ಸಲ್ಲಬೇಕಾದ ನೆರವನ್ನು ಕೇಂದ್ರ ನೇರವಾಗಿ, ಕೆಲವು ವರ್ಷ ಕಡಮೆಯಾಗದಂತೆ, ಕೊಡಬೇಕು. 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳಿಗೆ ಐದು ವರ್ಷ ನಷ್ಟ ತುಂಬಿಕೊಟ್ಟ ಮಾದರಿ ಕಣ್ಣ ಮುಂದೆಯೇ ಇದೆ. ದಾವಣಗೆರೆಗೆ ಹೋಗುವ ಪ್ರಯಾಣಿಕ ಬೆಲೆ ತೆತ್ತು ಕೋಹಿಮಾದ ಖಜಾನೆಗೆ ತುಂಬುವ ಈ ಬಳಸುದಾರಿಗಿಂತ ಅದು ಹತ್ತಿರದ ದಾರಿ. ಸಾರಿಗೆ ಸಚಿವರುಗಳು ಮುಂದಿನ ಸಲ ಕೂಡಿದಾಗ ದಂಡದ ಮೊತ್ತವನ್ನು ಚರ್ಚಿಸುವ ಮೊದಲು, ಒಂದು ಜಿಲ್ಲೆಯ ಐವತ್ತು ಬಸ್ಸುಗಳ ಒಂದು ವರ್ಷದ ಓಟದ ಲೆಕ್ಕವನ್ನು ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಲಿ.